ದಿಬ್ಬ ಹತ್ತದ ಕರೆಂಟ್ ಗಾಡಿ

ಪ್ರಭುಸ್ವಾಮಿಯನ್ನು ಬೋಗಾದಿಯ ಹಳಬರು ಇವತ್ತಿಗೂ ‘ಕರೆಂಟ್ ಗಾಡಿ’ ಎಂದೇ ಕರೆಯುತ್ತಾರೆ. ಹೊಗಳಿ ಕರೆಯುವುದಲ್ಲ, ಆಡಿಕೊಂಡು ಕರೆಯುವುದು. ಊರ ಬಾಯಿಗೆ ಬೀಗ ಹಾಕಿದವರುಂಟೇ?

ಮೋಟಾರ್ ವೈಂಡಿಂಗಿನಲ್ಲಿ ಅವನದು ಪಳಗಿದ ಕೈ. ಕೆಲಸಕ್ಕಿದ್ದ ನೂಲಿನ ಗಿರಣಿ ತೊಂಬತ್ತಾರರಲ್ಲಿ ಬಾಗಿಲು ಹಾಕಿತು. ಮನೆಗೆ ಬಂದು ಕೂತ. ಮನೆಯೆಂದರೆ ಅಪ್ಪ ಬಿಟ್ಟುಹೋದ ಒಟ್ಟು ಮನೆ, ಯಜಮಾನಿಕೆ ಅಣ್ಣ ಸಿದ್ದಮಲ್ಲಪ್ಪನದು. ಬೂಸಾ ಅಂಗಡಿ ನಡೆಸುವವನೂ ಅವನೇ, ಮೂಟೆ ತರುವ ಹಳೇ ಪಿಕಪ್ಪನ್ನು ವರ್ಷಗಟ್ಟಲೆ ಓಡಿಸಿದವನೂ ಅವನೇ. ಅದರ ಇಂಜಿನ್ನು ಸೀಜಾಗಿ ಹಿತ್ತಲ ಮೂಲೆ ಸೇರಿದಾಗ, ಗಾಡಿಯನ್ನು ಗುಜರಿಗೆ ಹಾಕಿ ಆ ಜಾಗದಲ್ಲಿ ಓದುವ ಹುಡುಗರಿಗೆ ಬಾಡಿಗೆ ಕೋಣೆ ಕಟ್ಟಿಸುವ ಲೆಕ್ಕದಲ್ಲಿದ್ದ. ಪ್ರಭುಸ್ವಾಮಿಗೋ ಅದೇ ಜಾಗದಲ್ಲಿ ಒಂದು ಶೆಡ್ಡು ಹಾಕಿ, ಯಾರ ಹಂಗೂ ಇಲ್ಲದೆ ಸ್ವಂತ ಕಸುಬು ಮಾಡುವ ಆಸೆ.

“ಇಂಜಿನ್ ತೆಗ್ದು ಮೋಟ್ರು ಕೂರುಸ್ತೀನಿ ಕಣಣ್ಣ. ಬ್ಯಾಟ್ರೀಲೇ ಓಡ್ತದೆ,” ಅಂದ.

ಸಿದ್ದಮಲ್ಲಪ್ಪ ನಕ್ಕ. “ಮಾಡ್ಲಾ, ನೋಡೇಬುಡಾನ. ವಿಜಯದಶಮಿ ದಿನ ರೋಡಿನ ದಿಬ್ಬ ಹತ್ಸಿ ತೋರ್ಸು. ಹತ್ತುದ್ರೆ ಗಾಡೀನೂ ನಿಂದು, ಅದು ನಿಂತಿರೋ ಜಾಗಾನೂ ನಿಂದು. ಹತ್ಲಿಲ್ವೋ, ಮಾರ್ನೇ ದಿನ ಗುಜರಿಯವ್ನು ಬತ್ತಾನೆ.” ಅವ್ವ ಸಿದ್ದಲಿಂಗಮ್ಮನ ಎದುರಿಗೇ ಆದ ಮಾತು ಅದು.

ಮುಚ್ಚಿದ ಗಿರಣಿಯ ಗೋದಾಮಿನಲ್ಲಿ ಸಾಮಾನು ಎಳೆಯುತ್ತಿದ್ದ ಬ್ಯಾಟರಿ ಟ್ರಾಲಿಯೊಂದಿತ್ತು. ಹರಾಜಿನಲ್ಲಿ ಅದರ ಸುಟ್ಟ ಮೋಟಾರು ಹಿಡಿದು, ಹೊಸದಾಗಿ ತಂತಿ ಸುತ್ತಿದ. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಗುಜರಿಗೆ ಬಂದಿದ್ದ ಬ್ಯಾಟರಿಗಳಲ್ಲಿ ಇನ್ನೂ ಜೀವವಿದ್ದವನ್ನು ಆರಿಸಿ ತಂದ. ಮೋಟಾರನ್ನು ಗೇರ್‌ಬಾಕ್ಸಿಗೆ ಕೂರಿಸುವ ಕಬ್ಬಿಣದ ತಟ್ಟೆ ಎಷ್ಟೋ ಸಲ ಕೆಟ್ಟು ಕೊನೆಗೊಮ್ಮೆ ಕೂತಿತು. ವಾರಕ್ಕೊಮ್ಮೆ ಬ್ಯಾಟರಿಗಳ ಬಿರಡೆ ಬಿಚ್ಚಿ, ಅಳತೆ ಮೀರದ ಹಾಗೆ ಡಿಸ್ಟಿಲ್ಡ್ ವಾಟರ್ ಹಾಕುವಾಗ ಅವ್ವ ಬಂದು ಪಕ್ಕದಲ್ಲಿ ನಿಲ್ಲುವಳು.

“ಅದೇನ್ಲಾ ಮಗ ಹುಯ್ತಿರೋದು?”

“ಇದ್ಕೆ ಬಾಯಾರ್ಕೆ ಕಣವ್ವ. ನೀರು ಕುಡುಸ್ತಾ ಇವ್ನಿ.”

ಮುದುಕಿಯನ್ನು ನಗಿಸಲು ಆಡಿದ ಮಾತು. ಅದೇ ಮುಳುವಾಯಿತು.

ಆಯುಧಪೂಜೆಯ ಹಿಂದಿನ ದಿನ ಗಾಡಿ ಹಿತ್ತಲಲ್ಲಿ ಸದ್ದಿಲ್ಲದೆ ಮುಂದೆ ಹೋಗಿ, ಸದ್ದಿಲ್ಲದೆ ಹಿಂದೆ ಬಂತು. ಪ್ರಭುಸ್ವಾಮಿ ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟ. ಮಾರನೆಯ ಬೆಳಗ್ಗೆ ಬಾಳೆಕಂದು ಕಟ್ಟಿ, ವಿಭೂತಿ ಬಳಿದು, ಕುಂಬಳಕಾಯಿ ಒಡೆದು ಪೂಜೆ ಮಾಡಿದರು. ಪೂಜೆಗಿಟ್ಟಿದ್ದನ್ನು ವಿಜಯದಶಮಿಯವರೆಗೆ ಕೆಲಸಕ್ಕೆಂದು ಮುಟ್ಟುವ ಹಾಗಿಲ್ಲ, ಆ ಮನೆಯ ಕಟ್ಟಳೆ ಅದು. ಸ್ಪ್ಯಾನರು ಸಮೇತ ಪೂಜೆಯಲ್ಲಿತ್ತು. ಕೈಗೆ ಕೆಲಸವಿಲ್ಲದವನು ಸಂಜೆಯೆಲ್ಲ ಬೀದಿ ಬೀದಿ ಸುತ್ತಿ, “ನಾಳೆ ಬನ್ರಣ್ಣಾ, ಗಾಡಿ ದಿಬ್ಬ ಹತ್ತೋದ ನೋಡೀರಂತೆ” ಎಂದು ಊರನ್ನೇ ಕರೆದು ಬಂದ.

ಊರೂ ನೆರೆಯಿತು. ಗಾಡಿ ನಿಂಬೆಹಣ್ಣು ತುಳಿದುಕೊಂಡು ಹೊರಟು, ದಿಬ್ಬಕ್ಕೆ ಎರಡು ಮಾರು ಏರಿ, ದಣಿದ ಎತ್ತಿನ ಹಾಗೆ ನಿಂತುಬಿಟ್ಟಿತು. ಹಿಂದಿನಿಂದ ಸಿಳ್ಳೆ ಬಿದ್ದವು. ಹುಡುಗರು ‘ಹೋ’ ಎಂದು ಕೂಗುತ್ತ ಅದನ್ನು ಹಿತ್ತಲಿಗೆ ತಳ್ಳಿಕೊಂಡು ಬಂದರು.

ಬ್ಯಾಟರಿ ಪೆಟ್ಟಿಗೆ ತೆರೆದರೆ ಒಳಗೆಲ್ಲ ಒದ್ದೆ. ಒಂದೊಂದು ಬ್ಯಾಟರಿಯೂ ಕಂಠಮಟ್ಟ ತುಂಬಿ, ಆಸಿಡ್ಡು ಹೊರಗೆ ತುಳುಕಿ ತಂತಿಗಳ ಮೇಲೆ ಹರಿದಿತ್ತು. ಬೆನ್ನ ಹಿಂದೆ ಅವ್ವ ಬಂದು ನಿಂತಳು.

“ನಿನ್ನೆಗೆ ವಾರ ತುಂಬಿದ್ರೂ ನೀನು ಅದ್ಕೆ ನೀರೇ ಕುಡುಸ್ಲಿಲ್ಲ ಮಗ. ಹಬ್ಬದ ದಿನ ದನಕರೂನೂ ಬಾಯಾರುಸ್ಬಾರ್ದು. ಮಠದಿಂದ ತಂದಿದ್ದ ಪಾದೋದಕಾನ ಬಿಂದಿಗೆ ನೀರಿಗೆ ಬೆರ್ಸಿ, ಎಲ್ಲಾಕೂ ನಾನೇ ಹುಯ್ದೆ. ಅಷ್ಟಾದ್ರೂ ಯಾಕಪ್ಪ ಹತ್ಲಿಲ್ಲ?”

ಪಾದೋದಕದ ಮಹಿಮೆ ದೊಡ್ಡದೇ ಇರಬಹುದು, ಬ್ಯಾಟರಿಗೆ ಅದು ತಿಳಿಯಬೇಕಲ್ಲ. ಪ್ರಭುಸ್ವಾಮಿಗೆ ಕಿರುಚಿಬಿಡಬೇಕೆನಿಸಿತು. ಆದರೆ ನಿಜ ಹೇಳಿದರೆ ಮುದುಕಿ ಅನ್ನ ನೀರು ಬಿಟ್ಟು ಕೊರಗುತ್ತಾಳೆ. “ಬ್ಯಾಟ್ರಿ ಹಳೇವು ಕಣವ್ವ, ನನ್ನ ಅಂದಾಜು ತಪ್ಪೋಯ್ತು,” ಎಂದ. ಅಣ್ಣನಿಗೂ ಅದನ್ನೇ ಹೇಳಿದ. ಇನ್ನೊಂದು ಅವಕಾಶ ಕೇಳಬಹುದಿತ್ತು. ಕೇಳಿದರೆ ಕಾರಣ ಹೇಳಬೇಕು, ಹೇಳಿದರೆ ಅವ್ವನ ಕಿವಿಗೆ ಬೀಳುತ್ತದೆ. ಸಿದ್ದಮಲ್ಲಪ್ಪ ಆಡಿದ ಮಾತಿಗೆ ತಪ್ಪದ ಮಹಾನುಭಾವ. ಮಾರನೆಯ ದಿನವೇ ಗುಜರಿಯವನು ಬಂದ.

ಆ ಜಾಗದಲ್ಲಿ ಸಾಲಾಗಿ ಕೋಣೆಗಳೆದ್ದವು. ಪ್ರಭುಸ್ವಾಮಿ ಹೊಸ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ನೀರಿನ ಮೋಟಾರಿಗೆ ಸ್ವಿಚ್ಚು ಹಾಕಿ ಆರಿಸುವ ಕೆಲಸಕ್ಕೆ ಸೇರಿದ. ಸುಟ್ಟ ಮೋಟಾರಿಗೆ ಜೀವ ಕೊಡುತ್ತಿದ್ದ ಕೈ ಅದು. ಹಬ್ಬಹುಣ್ಣಿಮೆಗೆ ನೆಂಟರು ಸೇರಿದಾಗಲೆಲ್ಲ ಸಿದ್ದಮಲ್ಲಪ್ಪ, “ಕರೆಂಟ್ ಗಾಡಿ ಬಂತು ಕಣ್ರೋ, ತಳ್ಳಕ್ಕೆ ಜನ ಕರೀರಿ” ಎನ್ನುವನು. ಎಲ್ಲರೂ ನಗುವರು, ಅವ್ವನೂ ನಗುವಳು. ಪ್ರಭುಸ್ವಾಮಿ ಎಲೆ ನೋಡಿಕೊಂಡು ಉಣ್ಣುವನು.

ಎರಡು ಸಾವಿರದ ಏಳರಲ್ಲಿ ಸಿದ್ದಲಿಂಗಮ್ಮ ಲಿಂಗೈಕ್ಯಳಾದಳು. ಗಣಾರಾಧನೆಯ ದಿನ ಬಂದವರೆಲ್ಲ ಉಂಡು ಹೋದ ಮೇಲೆ ಅಣ್ಣತಮ್ಮಂದಿರು ಇಬ್ಬರೇ ಜಗಲಿಯಲ್ಲಿ ಕೂತರು. ಇನ್ನು ಯಾರಿಗೂ ನೋವಾಗುವುದಿಲ್ಲವೆಂದು ಪ್ರಭುಸ್ವಾಮಿ ಬಾಯಿಬಿಟ್ಟ.

“ಅಣ್ಣ, ಅವತ್ತು ಗಾಡಿ ನಿಂತಿದ್ದು ನನ್ ತಪ್ಪಿಂದಲ್ಲ. ಅವ್ವ ಬ್ಯಾಟ್ರಿಗೆಲ್ಲ ನೀರು ಹುಯ್ದುಬುಟ್ಟಿದ್ಲು.”

ಸಿದ್ದಮಲ್ಲಪ್ಪ ಎಲೆಗೆ ಸುಣ್ಣ ಸವರುತ್ತಲೇ ಹೇಳಿದ. “ಗೊತ್ತು ಬುಡು. ಬಿಂದಿಗೆ ಎತ್ತಕಾಗ್ದೆ ಒದ್ದಾಡ್ತಿದ್ಲು ಪಾಪ. ನಾನೇ ಎತ್ಕೊಟ್ಟೆ.”

ಅಷ್ಟು ವರ್ಷ ಗಾಡಿ ಓಡಿಸಿದವನಿಗೆ ಬ್ಯಾಟರಿಗೆ ಎಂಥ ನೀರು ಹಾಕಬೇಕೆಂದು ತಿಳಿಯದ್ದಲ್ಲ. ಪ್ರಭುಸ್ವಾಮಿ ಅಣ್ಣನ ಮುಖವನ್ನೇ ನೋಡಿದ. ಅವ್ವನ ಮನಸ್ಸು ಕಾಯುತ್ತೇನೆಂದು ಬಾಯಿ ಹೊಲಿದುಕೊಂಡಿದ್ದವನು ಇಷ್ಟು ವರ್ಷವೂ ಈ ಮನುಷ್ಯನ ಮಾನ ಕಾದಿದ್ದ.