ಒಣಗಲೊಲ್ಲದ ಐದು ಅಕ್ಷರ

ನನ್ನ ಸೋದರಮಾವ ಬೋರ್ಡು ಬರೆಯುವವರು. ಅಂಗಡಿಯ ಹೆಸರು, ಶಾಲೆಯ ಗೋಡೆ, ಲಾರಿಯ ಹಿಂಬದಿ, ಬಾಗಿಲಿನ ನಾಮಫಲಕ, ಯಾವುದೇ ಇರಲಿ, ಕುಂಚ ಹಿಡಿದು ಕೈಯಲ್ಲೇ ಬರೆಯುತ್ತಿದ್ದರು. ಸ್ಕೇಲು ಇಡದೆ, ದಾರ ಹಿಡಿಯದೆ ಎಡದಿಂದ ಬಲಕ್ಕೆ ಒಂದೇ ಉಸಿರಿನಲ್ಲಿ ಗೆರೆ ಎಳೆದರೆ ಅದು ಕೂದಲೆಳೆಯಷ್ಟೂ ಸೊಟ್ಟಗಾಗುತ್ತಿರಲಿಲ್ಲ. ಅದಕ್ಕೇ ಪೇಟೆಯವರೆಲ್ಲ ಅವರನ್ನು ‘ನೇರಗೆರೆ’ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಅತ್ತೆಯೂ ಜೊತೆಗೆ ಹೋಗುತ್ತಿದ್ದರು. ಬಣ್ಣ ಕಲಸುವುದು, ಮಾವ ಎಳೆದ ಅಂಚಿನೊಳಗೆ ಬಣ್ಣ ತುಂಬುವುದು ಅವರ ಪಾಲು. ಆದರೆ ಕೈಗೆಟುಕುವ ಅಕ್ಷರಗಳಿಗೆ ಮಾತ್ರ. ಏಣಿ ಎಂದರೆ ಅತ್ತೆಗೆ ಆಗದು. ನಾನು ಹಳ್ಳಿಯಿಂದ ಕಾಲೇಜು ಓದಲು ಬಂದು ಮೂರು ವರ್ಷ ಅವರ ಮನೆಯಲ್ಲಿದ್ದೆ, ಬಣ್ಣದ ಡಬ್ಬಿಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಬಹುಪಾಲು ನಾನು ಕಣ್ಣಾರೆ ಕಂಡದ್ದು.

ಮಾವನಿಗೆ ನಲವತ್ತೆರಡು ತುಂಬಿದ ವರ್ಷ ಹೊಟ್ಟೆ ಕೆಟ್ಟಿತು. ಏನೋ ತಿಂದದ್ದು ಆಗಿಬಂದಿಲ್ಲ ಎಂದುಕೊಂಡರು. ಎರಡು ತಿಂಗಳಾದರೂ ಸರಿಹೋಗಲಿಲ್ಲ, ಮಲದಲ್ಲಿ ರಕ್ತ ಕಾಣಿಸತೊಡಗಿತು. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗಿದೆ, ಇದು ಬಂದುಹೋಗುವ ಕಾಯಿಲೆಯಲ್ಲ, ಬಂದು ಕೂರುವ ಕಾಯಿಲೆ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸುಮ್ಮನೆ ಕೂತಿರುತ್ತದೆ ಎಂದು ತಿಳಿಸಿ ಹೇಳಿದರು. ಆದರೆ ಅದು ಸುಮ್ಮನೆ ಕೂರುವ ಹೊತ್ತಿಗೆ ಮಾವ ಓಡಿ ಓಡಿ ಸುಸ್ತಾಗಿದ್ದರು. ದಿನಕ್ಕೆ ಹತ್ತು ಹನ್ನೆರಡು ಸಲ ಏಣಿ ಇಳಿಯಬೇಕು, ಹತ್ತಬೇಕು. ಯಾರಾದರೂ ಕೇಳಿದರೆ, ಅಕ್ಷರವನ್ನು ದೂರ ನಿಂತು ನೋಡಬೇಕು, ಹತ್ತಿರದಿಂದ ಗೊತ್ತಾಗೋದಿಲ್ಲ ಎಂದು ಹೇಳಿ ರಸ್ತೆಯ ತಿರುವಿನಲ್ಲಿ ಮಾಯವಾಗುತ್ತಿದ್ದರು. ಇದರಿಂದ ಅವರ ಹೆಸರು ಇನ್ನೂ ದೊಡ್ಡದಾಯಿತು. ಒಂದು ಅಕ್ಷರಕ್ಕೆ ನಾಲ್ಕು ಸಲ ಇಳಿದು ನೋಡುವ ಮನುಷ್ಯ ಎಂದು ಜನ ಹೊಗಳುತ್ತಿದ್ದರು. ಅತ್ತೆಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಒಂದು ದಿನ ಹೋಟೆಲಿನ ಗೋಡೆ ಬರೆಯುವಾಗ ಇಳಿಯುವ ಹೊತ್ತಿಗೆ ತಡವಾಗಿಬಿಟ್ಟಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ, ಅತ್ತೆ ಬಟ್ಟೆ ಒಗೆಯುವಾಗ ತಿಳಿಯಿತು. ಮಾರನೆಯ ದಿನದಿಂದ ಏಣಿ ಮನೆಯ ಹಿಂದಿನ ಗೋಡೆಗೆ ಒರಗಿತು. ಎರಡು ವರ್ಷ ಮಾವ ಮನೆಯಲ್ಲೇ ಕೂತು ನಾಮಫಲಕ ಬರೆದರು. ಅಂಗೈಯಗಲದ ಹಲಗೆ, ಬೆರಳುದ್ದದ ಅಕ್ಷರ. ಆಳೆತ್ತರದ ಅಕ್ಷರ ಬರೆದ ತೋಳು ಬೆರಳುದ್ದದ್ದರಲ್ಲಿ ಉಸಿರುಕಟ್ಟಿದಂತೆ ಒದ್ದಾಡುತ್ತಿತ್ತು.

ರಸ್ತೆಯ ಮೂಲೆಯಲ್ಲಿ ಎಳನೀರು ಮಾರುವ ಹೆಂಗಸೊಬ್ಬರಿದ್ದರು. ನಾವೆಲ್ಲ ಮೂಲೆಯ ಅಕ್ಕ ಎನ್ನುತ್ತಿದ್ದೆವು. ಅತ್ತೆಯ ಬಾಯಿಂದ ವಿಷಯ ತಿಳಿದಿದ್ದ ಅವರು ಮಾವನ ಮುಖ ನೋಡಿ, ಕರುಳಿಗೆ ತೆಂಗಿನಕಾಯಿಗಿಂತ ಔಷಧಿ ಬೇಕೇ, ನಮ್ಮ ಅಮ್ಮನ ಹೊಟ್ಟೆ ಅದರಲ್ಲೇ ವಾಸಿಯಾಯಿತು ಎಂದರು. ಅಮ್ಮನಿಗೆ ಏನಾಗಿತ್ತು ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಾವ ಕೆಲಸದಲ್ಲಿ ಎಷ್ಟು ತಾಳ್ಮೆಯವರೋ ಉಳಿದದ್ದರಲ್ಲಿ ಅಷ್ಟೇ ಆತುರದವರು. ಬೆಳಿಗ್ಗೆ ಎಳನೀರು, ತಿಂಡಿಗೆ ಗಂಜಿಯಂಥ ತಿಳಿ ಎಳೆಗಾಯಿ, ಮಧ್ಯಾಹ್ನ ತೆಂಗಿನ ಹಾಲು, ಸಂಜೆ ತುರಿದ ಕಾಯಿ, ಮೂರು ಹೊತ್ತೂ ಎರಡೆರಡು ಚಮಚ ತೆಂಗಿನೆಣ್ಣೆ. ಮೊದಲ ವಾರ ಹೊಟ್ಟೆ ಹಗುರಾದಂತೆ ಕಂಡದ್ದೇ ತಡ, ಮಾತ್ರೆಯ ಡಬ್ಬಿಯನ್ನು ಕಪಾಟಿನ ಮೇಲಕ್ಕೆ ತಳ್ಳಿಬಿಟ್ಟರು. ಅಂಗಳದಲ್ಲಿ ಚಿಪ್ಪಿನ ರಾಶಿ ಬಿತ್ತು. ನಾಲ್ಕನೆಯ ವಾರಕ್ಕೆ ಕಾಯಿಲೆ ಮೊದಲಿಗಿಂತ ಜೋರಾಗಿ ಎದ್ದು ಕೂತಿತು.

ಡಾಕ್ಟರಮ್ಮನ ಮುಂದೆ ಮಾವ ತಲೆ ತಗ್ಗಿಸಿ ಕೂತಿದ್ದರು. ಅತ್ತೆಯೇ ಎಲ್ಲವನ್ನೂ ಒಪ್ಪಿಸಿದರು, ಚಿಪ್ಪಿನ ಲೆಕ್ಕವೊಂದನ್ನು ಬಿಟ್ಟು. ಡಾಕ್ಟರಮ್ಮ ಬೈಯಲಿಲ್ಲ.

“ತೆಂಗಿನಕಾಯಿ ಮೇಲೆ ನನಗೇನೂ ಸಿಟ್ಟಿಲ್ಲ,” ಎಂದರು. “ಮಾತ್ರೆ ಮೇಲೆ ನಿಮಗ್ಯಾಕೆ ಸಿಟ್ಟು?”

ತೆಂಗಿನಿಂದ ಈ ಕಾಯಿಲೆ ವಾಸಿಯಾಗುತ್ತದೆ ಎನ್ನಲು ತಮ್ಮ ಬಳಿ ಯಾವ ಆಧಾರವೂ ಇಲ್ಲ, ಆದರೆ ಭೇದಿಯಲ್ಲಿ ಮೈಯಿಂದ ಹೋದ ನೀರು ಲವಣ ತುಂಬಲು ಎಳನೀರು ಒಳ್ಳೆಯದೇ, ನಿಮ್ಮ ಮೂತ್ರಪಿಂಡ ಚೆನ್ನಾಗಿದೆ, ಹಿತಮಿತವಾಗಿ ಕುಡಿಯಬಹುದು ಎಂದರು. ತುರಿ ನಾರಿನದು, ಊತ ಇರುವಾಗ ಬೇಡ. ಎಣ್ಣೆ ಹೆಚ್ಚಾದರೆ ಅದೇ ಓಡಿಸುತ್ತದೆ. ಯಾವುದು ನಿಮ್ಮ ಹೊಟ್ಟೆಗೆ ಒಗ್ಗುತ್ತದೆ ಎಂದು ನೀವೇ ನೋಡಿಕೊಂಡು ಬರೆದು ತನ್ನಿ, ಮಾತ್ರೆ ಮಾತ್ರ ಬಿಡಕೂಡದು.

ಬರೆದು ತನ್ನಿ ಎಂದದ್ದೇ ಮಾವನಿಗೆ ಹಿಡಿಸಿತು. ಹೊಸ ಬಣ್ಣ ಬಂದಾಗ ಬೋರ್ಡಿನವರು ಒಂದು ತಗಡಿನ ಮೇಲೆ ಪಟ್ಟಿ ಎಳೆದು ನೋಡುತ್ತಾರೆ. ಒಂದು ಸಲಕ್ಕೆ ಒಂದೇ ಬಣ್ಣ. ಅದು ಒಣಗಿದ ಮೇಲೆಯೇ ಇನ್ನೊಂದು. ಮಾವ ಅಡುಗೆಮನೆಯ ಬಾಗಿಲ ಪಕ್ಕ ಅಂಥದೇ ತಗಡು ತೂಗುಹಾಕಿದರು. ಒಂದು ವಾರಕ್ಕೆ ಒಂದೇ ಪದಾರ್ಥ. ಸಂಜೆ ಒಂದು ಪಟ್ಟಿ: ಚೆನ್ನಾಗಿದ್ದರೆ ಹಸಿರು, ಸುಮಾರಾದರೆ ಹಳದಿ, ಕೆಟ್ಟರೆ ಕೆಂಪು. ಬಣ್ಣ ಯಾವುದೆಂದು ಇಬ್ಬರಿಗೂ ದಿನಾ ಜಗಳ. ನಾಲ್ಕು ಸಲ ಹೋಗಿ ಬಂದವರು ಹಸಿರು ಎಂದರೆ ಅತ್ತೆ ಕುಂಚ ಕಿತ್ತುಕೊಂಡು ಹಳದಿ ಎಳೆಯುತ್ತಿದ್ದರು. ಮನೆಗೆ ಬಂದವರು ಅದು ಮಾರುವ ಚಿತ್ರವೇ ಎಂದು ಕೇಳುತ್ತಿದ್ದರು.

ಮೂರು ತಿಂಗಳಲ್ಲಿ ತಗಡು ಮಾತಾಡಿತು. ತುರಿದ ಕಾಯಿಯ ವಾರ ಕೆಂಪೋ ಕೆಂಪು. ಎಣ್ಣೆ ಎರಡು ಚಮಚಕ್ಕೆ ಕೆಂಪು, ಒಂದಕ್ಕೆ ಅಡ್ಡಿಯಿಲ್ಲ. ಬಿಟ್ಟರೂ ಅಷ್ಟೇ, ತೆಗೆದುಕೊಂಡರೂ ಅಷ್ಟೇ. ಆದರೆ ಗಂಜಿಗೆ ಒಂದು ಚಮಚ ಬಿದ್ದರೆ ಅದು ಗಂಟಲಲ್ಲಿ ಇಳಿಯುತ್ತದೆ ಎಂದು ಮಾವ ಅದನ್ನು ಉಳಿಸಿಕೊಂಡರು. ಬೆಳಗಿನ ಎಳನೀರು, ಲೋಳೆಯಂಥ ಎಳೆಗಾಯಿ ಒಂದಿಷ್ಟು, ತೆಳ್ಳನೆಯ ಹಾಲು ಹಾಕಿದ ಗಂಜಿ, ಇವು ಹಸಿರು. ಡಾಕ್ಟರಮ್ಮ ತಗಡನ್ನು ನೋಡಿ ನಕ್ಕು, ಇದರಲ್ಲಿ ಮುಕ್ಕಾಲು ಹಸಿರು ನನ್ನ ಮಾತ್ರೆಯದು, ಅಷ್ಟು ನೆನಪಿರಲಿ ಎಂದರು. ಮಾವ ಒಪ್ಪಿದರು. ಮೂಲೆಯ ಅಕ್ಕನ ಮುಂದೆ ಮಾತ್ರ ಅರ್ಧರ್ಧ ಎನ್ನುತ್ತಿದ್ದರು.

ಆಗ ಗ್ರಂಥಾಲಯದ ಕೆಲಸ ಬಂತು. ಹೊಸ ಓದುವ ಕೋಣೆ ಕಟ್ಟಿಸಿದ್ದರು. ರಸ್ತೆಗೆ ಮುಖಮಾಡಿದ ಅದರ ಗೋಡೆಯ ನೆತ್ತಿಯ ಮೇಲೆ ಹನ್ನೊಂದು ಅಕ್ಷರ, ಒಂದೊಂದೂ ಆಳೆತ್ತರ. ಕೋಣೆ ತೆರೆಯಲು ಏಳು ದಿನವಿತ್ತು. ಗ್ರಂಥಪಾಲಕರು ಮನೆಗೇ ಬಂದು ಕೇಳಿದರು. ಅಚ್ಚು ಹಾಕಿದ ಬಟ್ಟೆ ತೂಗುಹಾಕಿ ಎಂದು ಎಲ್ಲರೂ ಹೇಳುತ್ತಿದ್ದಾರೆ, ನನಗೆ ಮಾತ್ರ ಕೈಬರಹವೇ ಬೇಕು ಎಂದರು. ಅವರು ಹೋದ ಮೇಲೆ ಮಾವ ಹಿತ್ತಿಲಿಗೆ ಹೋಗಿ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಅತ್ತೆ ಒಳಗಿನಿಂದಲೇ ನನಗೆ ಕಣ್ಣು ಹೊಡೆದರು.

ಬೊಂಬಿನ ಅಟ್ಟಣೆ ಕಟ್ಟಿದರು. ಮೊದಲ ಎರಡು ದಿನ ನಾಲ್ಕು ಅಕ್ಷರ ಎದ್ದು ನಿಂತವು. ಮೂರನೆಯ ದಿನ, ನಾಲ್ಕನೆಯ ದಿನ ಇನ್ನೈದು. ಮಾವ ದಿನಕ್ಕೆ ಎರಡು ಮೂರು ಸಲ ಮಾತ್ರ ಇಳಿಯುತ್ತಿದ್ದರು. ನನಗೆ ರಜೆ ಇದ್ದುದರಿಂದ ನಾನು ಕೆಳಗಿನಿಂದ ಹಗ್ಗದಲ್ಲಿ ಡಬ್ಬಿ ಏರಿಸುತ್ತಿದ್ದೆ. ಐದನೆಯ ದಿನ ಬೆಳಿಗ್ಗೆ ಮೇಲೆ ಹೋದವರು ಬೆರಳು ತೋರಿಸಿದರು. ಬೆರಳ ತುದಿ ನೀಲಿ. ಅವಸರದಲ್ಲಿ ಅದುವರೆಗೆ ಮುಟ್ಟಿ ನೋಡಿರಲಿಲ್ಲ, ಹಿಂದಿನ ಎರಡು ದಿನದ ಐದೂ ಅಕ್ಷರ ಹಸಿಯಾಗಿಯೇ ಇದ್ದವು. ಇಬ್ಬನಿ ಇರಬೇಕು ಎಂದರು ಅತ್ತೆ. ಮೊದಲ ನಾಲ್ಕಕ್ಕೆ ಯಾಕೆ ಇಬ್ಬನಿ ಬೀಳಲಿಲ್ಲ ಎಂದು ಮಾವ ಕೇಳಿದರು. ಬಿಸಿಲೇರಿದರೂ ಒಣಗಲಿಲ್ಲ. ಸೊಳ್ಳೆ, ಧೂಳು, ಒಂದು ಹಕ್ಕಿಯ ಗರಿ, ಎಲ್ಲ ಅಂಟಿಕೊಂಡವು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಸಣ್ಣ ಸೀಸೆ ತೆಗೆದು ಗಂಜಿಗೆಂದು ಚಮಚಕ್ಕೆ ಎಣ್ಣೆ ಬಗ್ಗಿಸಿದರು. ಚಮಚವನ್ನು ಮೂಗಿನ ಹತ್ತಿರ ತಂದು ಮೂಸಿದರು. ನಾಲಗೆಯ ತುದಿಗೆ ಮುಟ್ಟಿಸಿ ಪಕ್ಕಕ್ಕೆ ಉಗುಳಿದರು.

“ಇದು ಅಗಸೆ ಎಣ್ಣೆ.”

ಬಣ್ಣ ತೆಳ್ಳಗೆ ಹರಿಯಲೆಂದು ಅದಕ್ಕೆ ಅಗಸೆ ಎಣ್ಣೆ ಬೆರೆಸುತ್ತಾರೆ. ಅದು ಗಾಳಿಗೆ ಬಿಗಿದು ಒಣಗುವ ಎಣ್ಣೆ. ತೆಂಗಿನೆಣ್ಣೆ ಎಷ್ಟು ದಿನ ಇಟ್ಟರೂ ಒಣಗದು. ಮಾವ ತಮ್ಮ ಚಮಚದ ಎಣ್ಣೆಯನ್ನು ಖಾಲಿಯಾದ ಅಗಸೆ ಎಣ್ಣೆಯ ಸೀಸೆ ತೊಳೆದು ಅದರಲ್ಲೇ ತುಂಬಿದ್ದರು. ಎರಡು ಸೀಸೆಯೂ ತದ್ರೂಪು. ಮೂರನೆಯ ದಿನದಿಂದ ಅತ್ತೆಗೆ ನೆಗಡಿ, ಬಣ್ಣ ಕಲಸುವಾಗ ಯಾವ ಎಣ್ಣೆಯ ವಾಸನೆಯೂ ಹತ್ತುತ್ತಿರಲಿಲ್ಲ. ಆ ಎರಡು ದಿನ ಅವಸರದಲ್ಲಿ ಮಾವ ಬರೀ ಎಳನೀರಿನಲ್ಲೇ ಊಟ ಮುಗಿಸಿದ್ದರಿಂದ ಸೀಸೆ ಮುಟ್ಟಿರಲಿಲ್ಲ.

ಅತ್ತೆ ಗೋಡೆಯತ್ತ ನೋಡಿ ನಿಧಾನವಾಗಿ ಹೇಳಿದರು.

“ನಿಮ್ಮ ಕರುಳಿಗೆ ಒಳ್ಳೇದು ಅಂತ ಗೋಡೆಗೂ ಕುಡಿಸಿಬಿಟ್ಟೆ.”

ಮಾವ ನಗಲು ಶುರುಮಾಡಿದವರು ಗಂಜಿಯ ಬಟ್ಟಲು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು. ಹೊಟ್ಟೆ ಹಿಡಿದುಕೊಂಡದ್ದು ನೋಡಿ ಅತ್ತೆ ಗಾಬರಿಯಾದರು. ನಗುವಿಗೆ ಹಿಡಿದದ್ದು ಎಂದು ಗೊತ್ತಾದ ಮೇಲೆ ಅವರಿಗೂ ತಡೆಯಲಾಗಲಿಲ್ಲ.

ಗ್ರಂಥಪಾಲಕರು ಬಂದು ನೋಡಿದರು. ಒಳ್ಳೆಯ ಮನುಷ್ಯ. ಬೇಜಾರು ಮಾಡಿಕೊಳ್ಳಬೇಡಿ, ಕೋಣೆ ತೆರೆಯುವ ದಿನದ ಮಟ್ಟಿಗೆ ಅಚ್ಚಿನ ಬಟ್ಟೆಯೊಂದನ್ನು ಕಟ್ಟಿಬಿಡೋಣ ಎಂದರು. ಬಟ್ಟೆ ಒಮ್ಮೆ ಏರಿದರೆ ಮತ್ತೆ ಇಳಿಯುವುದಿಲ್ಲ, ತಾನು ಮತ್ತೆ ಬೆರಳುದ್ದದ ಅಕ್ಷರಕ್ಕೆ ಮರಳಿದಂತೆಯೇ ಎಂಬುದು ಮಾವನಿಗೆ ಗೊತ್ತಿತ್ತು. ಹಸಿಯಾಗಿರುವುದರಿಂದ ಟರ್ಪೆಂಟೈನಿನಲ್ಲಿ ಈ ಸಂಜೆಯೇ ಒರೆಸಿಬಿಡಬಹುದು. ಆದರೆ ನಾಳೆ ಒಂದೇ ದಿನದಲ್ಲಿ ಒರೆಸಿದ ಐದು, ಬಾಕಿ ಎರಡು, ಒಟ್ಟು ಏಳು ಅಕ್ಷರ ಬರೆಯಬೇಕು, ಇಲ್ಲವಾದರೆ ಕೋಣೆ ತೆರೆಯುವ ಹೊತ್ತಿಗೆ ಒಣಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಟ್ಟಣೆಯ ಮೇಲೆ. ಶೌಚಾಲಯವೋ ಕಟ್ಟಡವನ್ನು ಪೂರ್ತಿ ಸುತ್ತಿ ಹಿಂದೆ.

ಹತ್ತು ವರ್ಷದಿಂದ ಬಲ್ಲ ನಂಟರಿಗೂ ಹೇಳದ ಮಾತನ್ನು ಮಾವ ಆಗ ಹೇಳಿದರು.

“ಸರ್, ನನಗೆ ಕರುಳಿನ ಕಾಯಿಲೆ ಇದೆ. ಮಧ್ಯೆ ಮಧ್ಯೆ ಇಳಿದು ಓಡಬೇಕಾಗುತ್ತೆ. ಆ ಪಕ್ಕದ ಬಾಗಿಲು ತೆಗೆದಿಟ್ಟರೆ ಬರೆದು ಮುಗಿಸ್ತೀನಿ.”

ಅವರು ಜೇಬಿನಿಂದ ಬೀಗದ ಕೈ ತೆಗೆದು ಮಾವನ ಕೈಗಿಟ್ಟರು. ಒಳಗೆ ತಮ್ಮದೇ ಕೋಣೆಯ ಪಕ್ಕ ಒಂದಿದೆ, ಕೇಳುವುದೂ ಬೇಡ ಎಂದರು. ಅಷ್ಟೇ. ಮಾವ ಆ ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತರು. ಇಷ್ಟು ವರ್ಷ ಇದನ್ನು ನಾನು ಯಾಕೆ ಯಾರನ್ನೂ ಕೇಳಲಿಲ್ಲ ಎಂದು ಅತ್ತೆಯನ್ನು ಕೇಳಿದರು. ನೀವು ಕೇಳದಿದ್ದರೆ ನಾನೇನು ಹೇಳಲಿ ಎಂದು ಅತ್ತೆ ಮೂಗು ಒರೆಸಿಕೊಂಡರು.

ಸಂಜೆಯೊಳಗೆ ಐದು ಅಕ್ಷರ ಒರೆಸಿದೆವು. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮಾವ ಮಾತ್ರೆ ನುಂಗಿ, ಎಳನೀರು ಕುಡಿದು ಅಟ್ಟಣೆ ಏರಿದರು. ಅಗಸೆ ಎಣ್ಣೆಯ ಸೀಸೆಯ ಕತ್ತಿಗೆ ಅತ್ತೆ ಕೆಂಪು ದಾರ ಕಟ್ಟಿದ್ದರು, ತೆಂಗಿನೆಣ್ಣೆ ಮನೆಯಲ್ಲೇ ಉಳಿದಿತ್ತು. ಮಾವ ಅಂಚು ಎಳೆದು ತುಂಬುತ್ತಾ ಹೋದರು. ಬೆಳಿಗ್ಗೆ ಹತ್ತಕ್ಕೆ ಒಂದು ಸಲ ಇಳಿದರು, ಮಧ್ಯಾಹ್ನ ಊಟ ಮಾಡಿ ಇನ್ನೊಮ್ಮೆ. ಓಡಲಿಲ್ಲ, ನಡೆದು ಹೋಗಿ ನಡೆದು ಬಂದರು. ಓದಲು ಬಂದವರು ನಿಂತು ನೋಡತೊಡಗಿದರು. ನಾಲ್ಕು ಗಂಟೆಗೆ ಐದು ಅಕ್ಷರ, ಬಿಸಿಲು ಇಳಿಯುವ ಮುನ್ನ ಏಳು. ಕೊನೆಯದರ ಕೊನೆಯ ಗೆರೆಯನ್ನು ಅವರು ಉಸಿರು ಬಿಗಿಹಿಡಿದು ಎಳೆದದ್ದು ಕೆಳಗೆ ನಿಂತ ನಮಗೂ ಕಾಣುತ್ತಿತ್ತು.

ಕುಂಚ ಒರೆಸಿ ಇಳಿಯುತ್ತಾರೆ ಎಂದುಕೊಂಡೆವು. ಅವರು ಅಟ್ಟಣೆಯ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತರು.

“ಮುಗೀತಲ್ಲ, ಇಳೀರಿ,” ಎಂದರು ಅತ್ತೆ.

“ಇಳಿಯೋಕೆ ಏನವಸರ? ನೀನೇ ಮೇಲೆ ಬಾ.”

ಅತ್ತೆ ನನ್ನ ಮುಖ ನೋಡಿದರು. ಇವರಿಗೆ ತಲೆ ಕೆಟ್ಟಿದೆ ಎಂದರು. ಈ ವಯಸ್ಸಿನಲ್ಲಿ ನನ್ನ ಕಾಲು ಮುರಿಸಬೇಕಂತೆ ಎಂದರು. ಹೇಳುತ್ತಲೇ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಏಣಿ ಗಟ್ಟಿಯಾಗಿ ಹಿಡಿದುಕೋ ಎಂದು ನನಗೆ ಗದರಿ, ಕಣ್ಣು ಅರ್ಧ ಮುಚ್ಚಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಮಾವ ಕೈ ಹಿಡಿದು ಎಳೆದುಕೊಂಡರು. ಇಬ್ಬರೂ ಪಕ್ಕಪಕ್ಕ ಕೂತು ರಸ್ತೆ, ಮನೆಗಳ ಮಾಡು, ದೂರದ ಸೇತುವೆ ನೋಡಿದರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಹಿಂದಕ್ಕೆ ತಿರುಗಿ ಒಂಬತ್ತನೆಯ ಅಕ್ಷರದ ಒಳತಿರುವನ್ನು ದಿಟ್ಟಿಸಿದರು, ಅಲ್ಲಿ ಹೆಬ್ಬೆಟ್ಟಿನಷ್ಟು ಜಾಗ ಬಿಟ್ಟುಹೋಗಿದೆ ಎಂದು ಮಾವನ ಕೈಯಿಂದ ಕುಂಚ ತೆಗೆದುಕೊಂಡು, ಒಂದು ಕೈಯಲ್ಲಿ ಅವರ ಭುಜ ಹಿಡಿದು ಎದ್ದುನಿಂತು, ಬಣ್ಣ ತುಂಬಿದರು.