ಗೋಡೆಯಕ್ಕ ಮಿಡತೆಯನ್ನು ಅಳೆದದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು, ನಾಲ್ಕು ಮೂಲೆ ಹಿಡಿದು, ಒಮ್ಮೆ ಜಾಡಿಸಿ ಬಿಗಿಯಾಗಿ ಎಳೆಯಬೇಕು. ಆಮೇಲೆ ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿ ಮತ್ತೆ ಹಿಂದಕ್ಕೆ ಸರಿಯಬೇಕು. ಬಿಸಿ ಹಬೆ, ಸೋಪಿನ ಘಾಟು, ಗಡಗಡ ತಿರುಗುವ ಯಂತ್ರಗಳ ನಡುವೆ ಗೋಡೆಯಕ್ಕ ಈ ಕೆಲಸ ಮಾಡುತ್ತ ತಲೆಗೂದಲು ಬೆಳ್ಳಗಾಗಿಸಿಕೊಂಡಿದ್ದಳು.

ಗೋಡೆ ಎನ್ನುವ ಹೆಸರು ಬಂದದ್ದು ಫುಟ್‌ಬಾಲ್ ಮೈದಾನದಲ್ಲಿ. ಊರಿನ ಕ್ಲಬ್ಬಿನ ಹೆಂಗಸರ ತಂಡಕ್ಕೆ ಅವಳು ಸ್ಟಾಪರ್ ಆಗಿದ್ದಳು. ಗೋಲ್‌ಕೀಪರಿನ ಮುಂದೆ ನಿಂತು ಎದುರಾಳಿ ಫಾರ್ವರ್ಡನ್ನು ತಡೆಯುವುದೇ ಕೆಲಸ. ಅವಳನ್ನು ದಾಟಿ ಹೋದವರನ್ನು ಬೆರಳಲ್ಲಿ ಎಣಿಸಬಹುದು ಎಂದು ಹಳಬರು ಹೇಳುತ್ತಾರೆ. ಅವಳನ್ನೇ ಕೇಳಿದರೆ, "ಕೈಬೆರಳು ಸಾಲಲ್ಲಪ್ಪ, ಕಾಲ್ಬೆರಳೂ ಬೇಕಾಗುತ್ತೆ" ಎಂದು ನಗುತ್ತಾಳೆ. ಬಸ್ ಓಡಿಸುವ ಅವಳ ಗಂಡ ಬಂದವರಿಗೆಲ್ಲ, "ನಮ್ಮನೇಲಿ ಐದು ಗೋಡೆ. ನಾಲ್ಕು ಸುಮ್ಮನಿರ್ತವೆ" ಎನ್ನುತ್ತಾನೆ.

ಮಂಡಿ ಕೈಕೊಟ್ಟ ಮೇಲೆ ಅವಳು ಆಟ ಬಿಟ್ಟಳು. ಆದರೆ ಕ್ಲಬ್ ಅವಳನ್ನು ಬಿಡಲಿಲ್ಲ. ಎಳೆಯ ಆಟಗಾರ್ತಿಯರನ್ನು ಸೇರಿಸಿಕೊಳ್ಳುವ ಮೊದಲು ಗೋಡೆಯಕ್ಕ ಒಮ್ಮೆ ನೋಡಿ ಬರಬೇಕು ಎಂಬ ರೂಢಿ ಬೆಳೆಯಿತು. ಭಾನುವಾರ ಕೊಡೆ ಹಿಡಿದು ಶಾಲೆಗಳ ಪಂದ್ಯ ನೋಡಲು ಹೊರಡುತ್ತಿದ್ದಳು. ಜನ ಚೆಂಡನ್ನು ನೋಡಿದರೆ ಇವಳು ಸೊಂಟ, ಭುಜ, ಹಿಮ್ಮಡಿ ನೋಡುತ್ತಿದ್ದಳು. ಎಷ್ಟೋ ವರ್ಷ ಫಾರ್ವರ್ಡುಗಳ ಮೈಗೆ ಮೈ ತಾಗಿಸಿಕೊಂಡು ನಿಂತವಳ ಅಭ್ಯಾಸ ಅದು.

ಒಂದು ದಿನ ಕೋಚ್ ಬಂದ. ವಯಸ್ಸಿನಲ್ಲಿ ಅವಳಿಗಿಂತ ತುಂಬಾ ಚಿಕ್ಕವನು.

"ಅಕ್ಕ, ಮಿಡತೆ ಅಂತ ಒಬ್ಬಳು ಸ್ಟ್ರೈಕರ್ ಇದಾಳೆ. ಹದಿನೈದು ವರ್ಷ. ಶಾಲೆ ಪಂದ್ಯಗಳಲ್ಲಿ ಗೋಲಿನ ಸುರಿಮಳೆ. ನೋಡಿ ಹೇಳಿ, ಮುಂದೆ ಏನಾಗ್ತಾಳೆ ಅಂತ."

"ಮುಂದೇನಾಗ್ತಾಳೆ ಅಂತ ಹೇಳೋಕೆ ನಾನೇನು ಭವಿಷ್ಯ ಹೇಳೋಳಾ?" ಎಂದಳು. ಆದರೂ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ತಿಳಿಯಿತು, ಮಿಡತೆ ಬೇರೆ ಯಾರೂ ಅಲ್ಲ, ಲಾಂಡ್ರಿಯಲ್ಲಿ ದಿನವೂ ತನ್ನೆದುರು ನಿಂತು ಬೆಡ್‌ಶೀಟ್ ಹಿಡಿಯುವವಳ ಮಗಳು.

ಮಾರನೆಯ ದಿನ ಆ ತಾಯಿಯೇ ಮಾತು ತೆಗೆದಳು. "ಅಕ್ಕ, ನಮ್ಮ ಹುಡುಗೀನ ನೋಡೋಕೆ ಹೋಗ್ತೀರಂತೆ."

"ಹೌದು ಕಣೇ."

"ನೋಡಿ. ನೋಡಿ ಬಂದು, ಆಗಲ್ಲ ಅಂದ್ಬಿಡಿ."

ಗೋಡೆಯಕ್ಕ ಮೂಲೆ ಕೂಡಿಸಲು ಮುಂದೆ ಬಂದವಳು ಅಲ್ಲೇ ನಿಂತಳು. "ಯಾಕೇ ಹಾಗಂತೀಯ?"

"ನನ್ನ ತಮ್ಮ ಗೊತ್ತಲ್ಲ ನಿಮಗೆ. ಅವನಿಗೂ ಎಲ್ಲರೂ ಬೆನ್ನು ತಟ್ಟಿದ್ರು. ಈ ವರ್ಷ ಆಗುತ್ತೆ, ಬರೋ ವರ್ಷ ಆಗುತ್ತೆ. ಹಾಗೇ ಮೂವತ್ತು ದಾಟಿತು. ಓದೂ ಇಲ್ಲ, ಕೆಲಸಾನೂ ಇಲ್ಲ. ಈಗ ಫುಟ್‌ಬಾಲ್ ಅಂದ್ರೆ ಟಿವಿ ಆರಿಸಿ ಎದ್ದು ಹೋಗ್ತಾನೆ. ಆಗಲ್ಲ ಅಂತ ಒಬ್ಬರಾದ್ರೂ ಹೊತ್ತಿಗೆ ಸರಿಯಾಗಿ ಹೇಳಿದ್ರೆ ಅವನು ಬದುಕ್ಕೋತಿದ್ದ. ನನ್ನ ಮಾತು ಇವಳು ಕಿವಿಗೆ ಹಾಕ್ಕೊಳ್ಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ."

ಗೋಡೆಯಕ್ಕ ಮೂಲೆಗೆ ಮೂಲೆ ಕೂಡಿಸಿ ಮುಂದಿನ ಬೆಡ್‌ಶೀಟ್ ಎತ್ತಿಕೊಂಡಳು.

ಮೊದಲ ಪಂದ್ಯದಲ್ಲಿ ಮಿಡತೆ ಮೂರು ಗೋಲು ಹೊಡೆದಳು. ಉದ್ದನೆಯ ಕಾಲು, ನೆಗೆದರೆ ಎಲ್ಲರ ತಲೆಯ ಮೇಲೆ. ಪಕ್ಕದಲ್ಲಿ ಕೋಚ್ ಕುಣಿಯುತ್ತಿದ್ದ. ಗೋಡೆಯಕ್ಕನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಎದುರು ತಂಡದ ಡಿಫೆಂಡರುಗಳು ಇವಳಿಗಿಂತ ಗೇಣುದ್ದ ಗಿಡ್ಡ. ಬೇಗ ಬೆಳೆದ ಹುಡುಗಿ, ಇನ್ನೂ ಬೆಳೆಯದವರನ್ನು ಓಡಿ ಹಿಂದೆ ಹಾಕುತ್ತಿದ್ದಾಳೆ. ಅವರೂ ಬೆಳೆದ ಮೇಲೆ ಇವಳ ಗತಿಯೇನು?

ಅದಕ್ಕೇ ಮುಂದಿನ ವಾರ ಗಟ್ಟಿ ತಂಡದ ಎದುರು ಆಡುವುದನ್ನು ನೋಡಲು ಹೋದಳು. ಅವತ್ತು ಮಿಡತೆಯ ರೆಕ್ಕೆಯೇ ಬಿಚ್ಚಲಿಲ್ಲ. ಒಂದೇ ಬಗೆಯಲ್ಲಿ ಬಲಗಡೆಗೆ ನುಗ್ಗುತ್ತಿದ್ದಳು, ಚೆಂಡು ಕಳೆದುಕೊಳ್ಳುತ್ತಿದ್ದಳು. ಕಳೆದುಕೊಂಡ ಮೇಲೆ ಸೊಂಟದ ಮೇಲೆ ಕೈಯಿಟ್ಟು ಜೊತೆಯವರಿಗೆ ಬೈಯುತ್ತಿದ್ದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು: "ಆಗಲ್ಲ ಅನ್ನಿಸುತ್ತೆ ಕಣ್ರೀ."

"ಸರಿ ಮತ್ತೆ, ಹೇಳಿಬಿಡು. ಅವರಮ್ಮನಿಗೂ ಅದೇ ಬೇಕು."

"ಅದೇ ತೊಂದರೆ. ಹಾಗನ್ನಿಸ್ತಿರೋದು ನನ್ನ ಕಣ್ಣು ಕಂಡದ್ದಕ್ಕೋ, ಅವರಮ್ಮ ಕೇಳ್ಕೊಂಡದ್ದಕ್ಕೋ, ನನಗೇ ಗೊತ್ತಾಗ್ತಿಲ್ಲ."

ಗಂಡ, "ಹಾಗಾದ್ರೆ ದೂರದಿಂದ ನೋಡೋದು ಬಿಡು. ನೀನು ಯಾವತ್ತು ದೂರದಿಂದ ಆಡಿದೋಳು?" ಎಂದ.

ಮರುದಿನ ಸಂಜೆ ಗೋಡೆಯಕ್ಕ ಮಂಡಿಗೆ ಪಟ್ಟಿ ಬಿಗಿದು, ಹಳೆಯ ಬೂಟು ಹಾಕಿಕೊಂಡು ಕ್ಲಬ್ಬಿನ ಮೈದಾನಕ್ಕೆ ಬಂದಳು. ಮಿಡತೆಯನ್ನೂ ಕರೆಸಿದ್ದಳು. ಮೈದಾನದಲ್ಲಿ ಇದ್ದದ್ದು ಇವರಿಬ್ಬರೇ.

"ನನ್ನ ದಾಟಿ ಹೋಗು. ಅಷ್ಟೇ."

ಹುಡುಗಿ ನಗು ತಡೆದುಕೊಂಡಳು. "ಆಂಟಿ, ನಿಮ್ಮ ಮಂಡಿ..."

"ನನ್ನ ಮಂಡಿ ಚಿಂತೆ ನಿನಗೆ ಬೇಡ. ಬಾ."

ಮಿಡತೆ ನುಗ್ಗಿದಳು. ಚೆಂಡು ಗೋಡೆಯಕ್ಕನ ಕಾಲಲ್ಲಿತ್ತು. ಮತ್ತೆ ಬಂದಳು, ಮತ್ತೆ ಹಾಗೇ. ಜೋರಾಗಿ ಬಂದರೂ ಅಷ್ಟೇ, ನಿಧಾನವಾಗಿ ಬಂದರೂ ಅಷ್ಟೇ. ಗೋಡೆಯಕ್ಕ ಓಡುತ್ತಲೇ ಇರಲಿಲ್ಲ. ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ, ಮುಗಿಯಿತು. ಹುಡುಗಿಯ ಮುಖ ಕೆಂಪೇರಿತು. ಕೊನೆಗೆ ಸಿಟ್ಟು ನೆತ್ತಿಗೇರಿ ಚೆಂಡನ್ನು ಬೇಲಿಯಾಚೆ ಒದ್ದಳು. ಅದನ್ನು ತರಲು ತಾನೇ ಹೋಗಬೇಕಾಯಿತು.

ಹುಡುಗಿಯ ಚೀಲ ಗೇಟಿನ ಬಳಿಯೇ ಇತ್ತು. ಅವಳು ಅದನ್ನು ಎತ್ತಿಕೊಂಡು ಹಾಗೇ ಮನೆಗೆ ಹೋದರೆ ತನ್ನ ಕೆಲಸ ಸುಲಭವಾಯಿತು ಎಂದುಕೊಂಡಳು ಗೋಡೆಯಕ್ಕ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಬೇಸರವೂ ಆಯಿತು.

ಮಿಡತೆ ತಿರುಗಿ ಬಂದಳು. ಚೆಂಡನ್ನು ಪಕ್ಕಕ್ಕೆ ಇಟ್ಟು ಹುಲ್ಲಿನ ಮೇಲೆ ಕೂತು, ಗೋಡೆಯಕ್ಕನ ಬೂಟುಗಳನ್ನೇ ನೋಡತೊಡಗಿದಳು. ಆಮೇಲೆ ಎದ್ದಳು.

"ಆಂಟಿ, ಈಗ ಚೆಂಡು ಇಲ್ದೆ ಬರ್ತೀನಿ. ಇದೆ ಅಂದ್ಕೊಂಡೇ ನನ್ನ ತಡೀರಿ."

ಇಂಥ ಮಾತನ್ನು ಗೋಡೆಯಕ್ಕ ಯಾವ ಫಾರ್ವರ್ಡಿನ ಬಾಯಲ್ಲೂ ಕೇಳಿರಲಿಲ್ಲ. ಹುಡುಗಿ ಕಾಲ ಮುಂದೆ ಇಲ್ಲದ ಚೆಂಡನ್ನು ತಳ್ಳುತ್ತ ಬಂದಳು, ಹೋದಳು, ಬಂದಳು. ಕಣ್ಣು ಮಾತ್ರ ಎದುರಿನವಳ ಸೊಂಟದ ಮೇಲೆ. ಬೇಲಿಯಾಚೆ ಹೋಗುತ್ತಿದ್ದ ಒಬ್ಬ ಮುದುಕ ಇವರಿಬ್ಬರಿಗೂ ತಲೆ ಕೆಟ್ಟಿದೆ ಎಂಬಂತೆ ನಿಂತು ನೋಡಿ ಹೋದ.

ಮಿಡತೆ ಥಟ್ಟನೆ ನಿಂತಳು. "ನೀವು ನನ್ನ ತಡೀತಾನೇ ಇಲ್ಲ ಆಂಟಿ. ಬಲಗಡೆ ಒಂದು ದಾರಿ ಬಿಟ್ಟುಕೊಡ್ತೀರಿ. ನಾನು ದಡ್ಡಿ ಥರ ಪ್ರತಿಸಲ ಅಲ್ಲಿಗೇ ಬಂದು ಬೀಳ್ತೀನಿ."

ಗೋಡೆಯಕ್ಕ ಈ ವಿದ್ಯೆ ಕಲಿಯಲು ವರ್ಷಗಟ್ಟಲೆ ಮಣ್ಣು ಮುಕ್ಕಿದ್ದಳು. "ಗೊತ್ತಾಯ್ತಲ್ಲ, ಈಗ ಚೆಂಡು ತಗೊಂಡು ಬಾ" ಎಂದಳು.

ಹುಡುಗಿ ಬಿಟ್ಟ ದಾರಿಯ ಕಡೆಗೇ ಬಂದಳು, ಕೊನೆಗಳಿಗೆಯಲ್ಲಿ ಎಡಕ್ಕೆ ತಿರುಗಿದಳು. ಎಡಗಾಲು ಇನ್ನೂ ಮರದ ಕೊರಡು. ಚೆಂಡು ಕಾಲಿಗೆ ತೊಡರಿತು. ಆದರೂ ದಾಟಿಹೋದಳು. ತಡೆಯಹೋದ ಗೋಡೆಯಕ್ಕ ದೊಪ್ಪನೆ ಕುಕ್ಕರಿಸಿ ಬಿದ್ದು, ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದರ ಮುಂದಿನ ಎರಡು ಸಲವೂ ಹುಡುಗಿ ಮತ್ತೆ ಚೆಂಡು ಕಳೆದುಕೊಂಡಳು. ಆದರೆ ಸೊಂಟದ ಮೇಲೆ ಕೈ ಹೋಗಲಿಲ್ಲ.

ಕೋಚಿಗೆ ಗೋಡೆಯಕ್ಕ ಹೇಳಿದ್ದಿಷ್ಟು: "ತಗೊಳ್ಳಿ. ಆದ್ರೆ ಒಂದು ವರ್ಷ ಗೋಲು ಕೇಳಬೇಡಿ. ದೊಡ್ಡವರ ಜೊತೆ ಆಡಿಸಿ. ಸೋತು ಕಲೀಲಿ."

"ಗೋಲು ಹೊಡೆಯೋಳನ್ನ ಗೋಲು ಬೇಡ ಅಂತ ತಗೊಳ್ಳೋದಾ ಅಕ್ಕ?"

"ಗೋಲು ನೋಡಿ ತಗೊಂಡ್ರೆ, ಗೋಲು ನಿಂತ ದಿನ ಕೈಬಿಡ್ತೀರಿ. ನಾನು ನೋಡಿದ್ದು ಬೇರೆ. ಸೋತ ಮೇಲೆ ಆ ಹುಡುಗಿ ಯೋಚನೆ ಮಾಡ್ತಾಳೆ."

ತಾಯಿಗೆ ಹೇಳುವುದು ಅಷ್ಟು ಸುಲಭವಿರಲಿಲ್ಲ. ಬೆಡ್‌ಶೀಟಿನ ಎರಡು ಮೂಲೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು: "ಆಗಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ ಕಣೇ. ಸುಳ್ಳಾಗುತ್ತೆ."

ಎದುರಿನವಳ ಕೈಯಿಂದ ಬಟ್ಟೆ ಜಾರಿ ಒದ್ದೆ ನೆಲಕ್ಕೆ ಬಿತ್ತು. "ಹಾಗಾದ್ರೆ ಆಗುತ್ತಾ? ಬರೆದುಕೊಡ್ತೀರಾ?"

"ಅದೂ ಸುಳ್ಳಾಗುತ್ತೆ. ಒಂದು ಮಾತು ಕೊಡ್ತೀನಿ. ಆಗಲ್ಲ ಅಂತ ನನಗೆ ಅನ್ನಿಸಿದ ದಿನ ನಿನ್ನ ಮಗಳಿಗೆ ನಾನೇ ಮುಖಕ್ಕೆ ಹೇಳ್ತೀನಿ. ನಿನ್ನ ತಮ್ಮನಿಗೆ ಆದ ಹಾಗೆ ಆಗೋಕೆ ಬಿಡಲ್ಲ. ಓದು ಮಾತ್ರ ಬಿಡಿಸಬೇಡ."

ತಾಯಿ ಬಿದ್ದ ಬೆಡ್‌ಶೀಟನ್ನು ಮತ್ತೆ ಒಗೆಯುವ ರಾಶಿಗೆ ಎಸೆದು ಹೋದಳು. ಮರುವಾರ ಮೇಲ್ವಿಚಾರಕನನ್ನು ಕೇಳಿಕೊಂಡು ಇಸ್ತ್ರಿಯ ಕಡೆಗೆ ಸ್ಥಳ ಬದಲಾಯಿಸಿಕೊಂಡಳು. ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಆ ವರ್ಷ ಮಿಡತೆ ಕ್ಲಬ್ಬಿಗೆ ಒಂದೇ ಒಂದು ಗೋಲೂ ಹೊಡೆಯಲಿಲ್ಲ. ದೊಡ್ಡ ಹೆಂಗಸರ ಭುಜಕ್ಕೆ ಡಿಕ್ಕಿ ಹೊಡೆದು ಎಲ್ಲೆಲ್ಲೋ ಬಿದ್ದಳು. ಗೋಡೆಯಕ್ಕನ ಕಣ್ಣಿಗೆ ಪೊರೆ ಬಂದಿದೆ ಎಂದು ಕ್ಲಬ್ಬಿನಲ್ಲಿ ಕೆಲವರು ಮೂಗು ಮುರಿದರು. ಕೇಳಿಯೂ ಕೇಳದವಳಂತೆ ಇದ್ದಳಾದರೂ ಒಳಗೊಳಗೇ ಅವಳಿಗೂ ಅಳುಕು. ಒಂದು ಸಂಜೆಯ ಆಟ ನೋಡಿ ಒಂದು ಮಗುವಿನ ಬಾಳನ್ನೇ ತೂಗಿಬಿಟ್ಟೆನೇ? ಒಂದು ಒಳ್ಳೆಯ ಯೋಚನೆ ಹೊಳೆದ ಮಾತ್ರಕ್ಕೆ ಕಾಲು ಕಲಿಯುತ್ತದೆಯೇ? ಆದರೂ ಪ್ರತಿ ಭಾನುವಾರ ಹೋಗಿ ಕೂತು ನೋಡಿದಳು. ಬಿದ್ದವಳು ಪ್ರತಿಸಲ ಬೇರೆ ಬೇರೆ ಕಾರಣಕ್ಕೆ ಬೀಳುತ್ತಿದ್ದಳು. ಅದೊಂದೇ ಸಮಾಧಾನ.

ವರ್ಷ ಕಳೆದ ಮೇಲೆ ಊಟದ ಬಿಡುವಿನಲ್ಲಿ ತಾಯಿ ತಾನಾಗಿಯೇ ಬಂದು ಎದುರಿಗೆ ಕೂತಳು. "ಮಾತು ಕೊಟ್ಟಿದ್ರಿ. ಈಗ ಹೇಳಿ."

"ಆಗಲ್ಲ ಅನ್ನೋ ಹಾಗೆ ಏನೂ ಕಂಡಿಲ್ಲ. ಎಡಗಾಲು ಬರ್ತಾ ಇದೆ. ಆಗುತ್ತೆ ಅನ್ನೋ ಧೈರ್ಯ ಇನ್ನೂ ಬಂದಿಲ್ಲ."

ತಾಯಿ ಅವಳನ್ನೇ ದಿಟ್ಟಿಸಿದಳು. ತಮ್ಮನಿಗೆ ಬೆನ್ನು ತಟ್ಟಿದವರು ಯಾರೂ ಹೀಗೆ ಮಾತಾಡಿರಲಿಲ್ಲ ಎಂಬುದು ಅವಳಿಗೆ ನೆನಪಾಗಿರಬೇಕು. "ಸರಿ, ನೋಡ್ತಾ ಇರಿ" ಎಂದು ಡಬ್ಬಿ ಬಿಚ್ಚಿದಳು. ಅಂದಿನಿಂದ ಮಾತು ಮತ್ತೆ ಶುರುವಾಯಿತು.

ಎರಡನೆಯ ವರ್ಷ ಗೋಲುಗಳು ಬಂದವು, ಅದೂ ಎಡಗಾಲಿನಿಂದಲೇ ಹೆಚ್ಚು. ಹುಡುಗಿಗೆ ಹದಿನೆಂಟಾದಾಗ ದೊಡ್ಡ ಕ್ಲಬ್ಬೊಂದರವನು ನೋಡಲು ಬಂದ. ಗೋಡೆಯಕ್ಕನ ಪಕ್ಕದಲ್ಲೇ ಕೂತು ಕೇಳಿದ: "ಮೇಡಂ, ಇವಳು ಎಷ್ಟು ದೂರ ಹೋಗಬಹುದು?"

"ಗೊತ್ತಿಲ್ಲಪ್ಪ. ಇವಳಿಗೆ ಹದಿನೈದಿದ್ದಾಗಲೂ ಗೊತ್ತಿರಲಿಲ್ಲ. ಎಲ್ಲಿಂದ ಎಲ್ಲಿವರೆಗೆ ಬಂದಿದಾಳೆ ಅಂತ ಬೇಕಾದ್ರೆ ಕೂತು ಹೇಳ್ತೀನಿ."

ಅವನು ಕೇಳಿಸಿಕೊಂಡ. ಇಲ್ಲದ ಚೆಂಡಿನ ಸಂಜೆಯನ್ನೂ, ಗೋಲಿಲ್ಲದ ವರ್ಷವನ್ನೂ ಗೋಡೆಯಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಹುಡುಗಿಯನ್ನು ತನ್ನ ತಂಡಕ್ಕೆ ಸೇರಿಸಿಕೊಂಡ.

ಮಿಡತೆ ಈಗ ಆ ತಂಡದಲ್ಲಿದ್ದಾಳೆ. ಮುಖ್ಯ ಆಟಗಾರ್ತಿಯೇನಲ್ಲ. ಹೆಚ್ಚಾಗಿ ಕೊನೆಯ ಅರ್ಧ ಗಂಟೆ ಇಳಿಸುತ್ತಾರೆ. ಕೆಲವೊಮ್ಮೆ ಗೋಲು ಹೊಡೆಯುತ್ತಾಳೆ, ಕೆಲವೊಮ್ಮೆ ಬರಿಗೈಯಲ್ಲಿ ಬರುತ್ತಾಳೆ. ಅಲ್ಲೇ ಕಾಲೇಜಿಗೂ ಸೇರಿದ್ದಾಳೆ.

ಮೊನ್ನೆ ತಾಯಿ ಗೋಡೆಯಕ್ಕನ ಮನೆಗೆ ಬಂದವಳು ಕೇಳಿದಳು: "ಅಕ್ಕ, ನನಗೊಂದು ತಿಳಿಸಿ. ಇದು ಆದ ಹಾಗೋ, ಆಗದ ಹಾಗೋ?"

"ಆಗ್ತಾ ಇದೆ ಕಣೇ."

"ನೋಡಿ ಭಾವ, ಇವರು ಒಂದು ಮಾತಾದ್ರೂ ನೆಟ್ಟಗೆ ಹೇಳಿದಾರಾ?" ಎಂದು ತಾಯಿ ಗೋಡೆಯಕ್ಕನ ಗಂಡನ ಕಡೆ ತಿರುಗಿ ದೂರಿದಳು. ಅವನು, ನನಗೆ ಮದುವೆಯಾದಾಗಿನಿಂದ ಇದೇ ಪಾಡು ಎಂದ. ಮೂವರೂ ನಕ್ಕರು. ಆಮೇಲೆ ತಾಯಿ ಹೊಸ ಫೋನನ್ನು ತೆಗೆದು, ಮಗಳ ಪಂದ್ಯ ನೋಡಲು ಎಲ್ಲಿ ಒತ್ತಬೇಕು ಎಂದು ಕೇಳಿದಳು. ಗೋಡೆಯಕ್ಕನಿಗೂ ಗೊತ್ತಿರಲಿಲ್ಲ. ಇಬ್ಬರೂ ತಲೆಗೆ ತಲೆ ತಾಗಿಸಿ ಹುಡುಕುತ್ತ ಕೂತರು.