ಗುಡುಗಿಗೂ ಪ್ಲಗ್ ಕೀಳಲು ಬಿಡದ ಶರ್ಲಿ ಮೇಡಂ

ಕೊಡಿಯಾಲ್‌ಬೈಲಿನ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರುಗಳಿಗೆಲ್ಲ ಯಜಮಾನಿ ಜೆಪ್ಪುವಿನ ಶರ್ಲಿ ಮೇಡಂ. ಮಾಲಕರು ಸಂಬಳ ಕೊಡುತ್ತಾರೆ, ಅಷ್ಟೇ. ಮೇಡಂ ಮೊದಲು ಕುವೈಟಿನಲ್ಲಿ ನರ್ಸ್ ಆಗಿದ್ದವರು. ಅಲ್ಲಿಯ ಆಸ್ಪತ್ರೆಗೆ ಕಂಪ್ಯೂಟರು ಬಂದಾಗ ಹಟ ಹಿಡಿದು ಅದನ್ನೂ ಕಲಿತರು. ಊರಿಗೆ ಮರಳಿದ ಮೇಲೆ ಸೂಜಿ ಬಿಟ್ಟು ಕೇಬಲ್ ಹಿಡಿದರು. ಬಾಯಿ ಜೋರು. ರಿಪೋರ್ಟ್ ಟೈಪ್ ಮಾಡುವ ನನಗಂತೂ ದಿನಾ ಬೈಗುಳ ಕಟ್ಟಿಟ್ಟದ್ದೇ. ಆದರೂ ಅವರು ರಜೆ ಹಾಕಿದ ದಿನ ನನಗೆ ಕೈಕಾಲು ಆಡುವುದಿಲ್ಲ.

ಕಂಪ್ಯೂಟರುಗಳಿಗೆ ತಾವಾಗಿಯೇ ಅಪ್‌ಡೇಟ್ ಆಗುವ ಚಾಳಿ ಉಂಟಲ್ಲ, ಅದನ್ನು ನಾನು ಎಂದೂ ನಂಬಿದವನಲ್ಲ. ಪರದೆ ತಟ್ಟನೆ ಕಪ್ಪಾಗುತ್ತದೆ, ಬಿಳಿ ಉಂಗುರವೊಂದು ಸುತ್ತುತ್ತದೆ, ಆಮೇಲೆ ಅದೂ ನಿಂತಂತಾಗುತ್ತದೆ. ಯಾರಿಗಾದರೂ ಯಂತ್ರ ಕೈಕೊಟ್ಟಿತೆಂದೇ ಅನಿಸಬೇಕು. ಮೇಡಂ ಮಾತ್ರ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಮಿಣುಕುವ ಸಣ್ಣ ದೀಪ ನೋಡಿ, “ಬಟ್ಟೆ ಬದಲಿಸ್ತಾ ಉಂಟು, ಬಾಗಿಲು ತಟ್ಟಬೇಡಿ” ಎನ್ನುತ್ತಾರೆ. ಯಾರಿಗೂ ತೊಂದರೆಯಾಗದಿರಲೆಂದು ಈ ಕೆಲಸಕ್ಕೆ ಊಟದ ಹೊತ್ತನ್ನೇ ಗೊತ್ತುಮಾಡಿದ್ದರು.

ಆದರೆ ನಮ್ಮೂರಿನಲ್ಲಿ ಗುಡುಗಿದರೆ ಮೊದಲು ಪ್ಲಗ್ ಕೀಳಬೇಕು, ಆಮೇಲೆ ಒಣಹಾಕಿದ ಬಟ್ಟೆ. ಅಕ್ಟೋಬರಿನ ಒಂದು ದಿನ ಸರಿಯಾಗಿ ಊಟದ ಹೊತ್ತಿಗೆ ಗುಡುಗಿತು. ಗುಡಿಸಿ ಒರೆಸುವ ರತ್ನಾವತಿಯಕ್ಕ ಓಡಿಹೋಗಿ ಸ್ಕ್ಯಾನ್ ಚಿತ್ರ ನೋಡುವ ಡಾಕ್ಟರ ಕಂಪ್ಯೂಟರಿನ ಪ್ಲಗ್ಗನ್ನೂ ಕಿತ್ತರು. ತಪ್ಪಿಹೋದ ಅಪ್‌ಡೇಟು, ಸಂಜೆ ಯಂತ್ರ ಮತ್ತೆ ಶುರುವಾದ ಮೇಲೆ ಹೇಳದೆ ಕೇಳದೆ ವಕ್ಕರಿಸಿತು.

ಆಗಷ್ಟೇ ನಂತೂರಿನ ಚಿಕ್ಕ ಆಸ್ಪತ್ರೆಯೊಂದರಿಂದ ಕಿನ್ನಿ ಎಂಬ ಹೆಂಗಸನ್ನು ಕರೆತಂದು ತಲೆಯ ಸ್ಕ್ಯಾನ್ ಮಾಡಿಸಿದ್ದರು. ಮಾತು ನಿಂತಿತ್ತು, ಬಲಗೈ ಜೋತುಬಿದ್ದಿತ್ತು. ಒಳಗೆ ರಕ್ತ ಸೋರಿಲ್ಲ ಎಂದು ಖಾತ್ರಿಯಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ತಡವಾದರೆ ಅದೂ ಇಲ್ಲ. ಡಾಕ್ಟರ್ ಆಲ್ವಿನ್ ತಮ್ಮ ಕಂಪ್ಯೂಟರಿನಲ್ಲಿ ಚಿತ್ರ ತೆರೆದರು. ಪರದೆ ಕಪ್ಪಾಯಿತು.

“ಇದು ಕೆಟ್ಟಿತು ಮಾರಾಯ,” ಎನ್ನುತ್ತ ಡಾಕ್ಟರು ಪವರ್ ಗುಂಡಿಗೆ ಕೈ ಹಾಕಿದರು. ಅಷ್ಟರಲ್ಲಿ ಮತ್ತೆ ಗುಡುಗು. ರತ್ನಾವತಿಯಕ್ಕ ಪ್ಲಗ್ಗಿನತ್ತ ಧಾವಿಸಿದರು.

“ಯಾರೂ ಮುಟ್ಟಬೇಡಿ.” ಮೇಡಂ ಗೋಡೆಗೆ ಬೆನ್ನು ಕೊಟ್ಟು ಪ್ಲಗ್ಗಿಗೆ ಅಡ್ಡ ನಿಂತರು. “ಅಪ್‌ಡೇಟ್ ಆಗ್ತಾ ಉಂಟು. ಈಗ ಕಿತ್ತರೆ ನಾಳೆಯೂ ಏಳ್ಲಿಕ್ಕಿಲ್ಲ.”

“ಸಿಡಿಲು ಬಡಿದರೆ ಎಂತ ಮಾಡುದು ಬಾಯಮ್ಮ?” ರತ್ನಾವತಿಯಕ್ಕ ಮೇಡಂ ಹತ್ತಿರ ಕೇಳಿದರು.

“ಬಡಿದರೆ ಮೊದಲು ನನಗೆ ಬಡೀಲಿ. ಡಾಕ್ಟ್ರೇ, ಸ್ಕ್ಯಾನ್ ಕೋಣೆಯ ಕಂಪ್ಯೂಟರಿನಲ್ಲಿ ಅದೇ ಚಿತ್ರಗಳು ಉಂಟು. ಅಲ್ಲೇ ನೋಡಿ. ರತ್ನಾವತಿ, ಆ ಕೋಣೆಯ ಪ್ಲಗ್ ಕಾಯುವ ಕೆಲಸ ನಿಮ್ಮದು. ನೀವೂ ಮುಟ್ಟಬಾರದು.”

ಕೀಳುವವರನ್ನೇ ಕಾವಲಿಗೆ ಹಾಕಿದ ಆ ಬುದ್ಧಿಗೆ ನಾನು ತಲೆಬಾಗಿದೆ.

ಬಾಗಿಲಲ್ಲಿ ನಿಂತಿದ್ದ ಕಿನ್ನಿಯವರ ಗಂಡ ಚನಿಯ ಎಲ್ಲವನ್ನೂ ನೋಡಿದ್ದರು. “ಅವಳ ಚಿತ್ರ ಹೋಯ್ತಾ?” ಎಂದರು. ಲೋಕಕ್ಕೆಲ್ಲ ಬೈಯುವ ಮೇಡಂ ಮೆತ್ತಗಿನ ದನಿಯಲ್ಲಿ, “ಹೋಗಿಲ್ಲ. ಡಾಕ್ಟ್ರು ಈಗ ಅದನ್ನೇ ನೋಡ್ತಾ ಇದ್ದಾರೆ. ನೀವು ನನ್ನ ಹತ್ತಿರ ನಿಂತುಕೊಳ್ಳಿ,” ಎಂದರು. ಹಳೆಯ ನರ್ಸು ಎಲ್ಲಿಗೂ ಹೋಗಿರಲಿಲ್ಲ.

“ರಕ್ತ ಇಲ್ಲ,” ಒಳಗಿಂದ ಆಲ್ವಿನ್ ನನಗೆ ಕೂಗಿ ಹೇಳಿದರು. “ಪ್ರೇಮ್, ಇಂಜೆಕ್ಷನ್‌ಗೆ ತಯಾರಿ ಮಾಡಲಿಕ್ಕೆ ಹೇಳು.” ನಾನು ನಂತೂರಿನ ಆಸ್ಪತ್ರೆಗೆ ಫೋನ್ ಮಾಡಿದೆ. ಕಿನ್ನಿಯವರ ಆಂಬುಲೆನ್ಸ್ ಅತ್ತ ಹೊರಟ ಸ್ವಲ್ಪ ಹೊತ್ತಿಗೆ ಡಾಕ್ಟರ ಕಂಪ್ಯೂಟರು ತಾನಾಗಿ ಎದ್ದು, ಏನೂ ಆಗದವರಂತೆ ಪಾಸ್‌ವರ್ಡ್ ಕೇಳಿತು. ಮೇಡಂ ಆಮೇಲಷ್ಟೇ ಗೋಡೆ ಬಿಟ್ಟು ಬಂದು ಕುಳಿತದ್ದು. ನಾನು ಚಹಾ ತಂದುಕೊಟ್ಟೆ, ಸಕ್ಕರೆ ಹೆಚ್ಚಾಯಿತೆಂದು ಬೈದರು.

ನವೆಂಬರಿನ ಕೊನೆಗೆ ಕಿನ್ನಿಯವರು ಮರುಪರೀಕ್ಷೆಗೆ ಗಂಡನ ಜೊತೆ ನಡೆದುಕೊಂಡೇ ಬಂದರು. ಮಾತು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಕಾಯುವ ಕೋಣೆಯಲ್ಲಿ ಟಿವಿ ಎದುರು ಕುಳಿತಿದ್ದಾಗ ಎಲ್ಲೋ ದೂರದಲ್ಲಿ ಗುಡುಗಿತು. ಕಿನ್ನಿಯವರು ಎದ್ದರು, ಗೋಡೆಯ ಬಳಿ ಹೋದರು, ಟಿವಿಯ ಪ್ಲಗ್ ಹಿಡಿದು ಎಳೆದರು.

ರತ್ನಾವತಿಯಕ್ಕ ಗಾಬರಿಯಿಂದ ಮೇಡಂ ಮುಖ ನೋಡಿದರು. ಮೇಡಂ ನೋಡುತ್ತಿದ್ದದ್ದು ಕಿನ್ನಿಯವರ ಕೈಯನ್ನು. ಅದು ಬಲಗೈ.

“ತೆಗೀಲಿ ಬಿಡಿ,” ಎಂದರು ಮೇಡಂ.